ಜೆಲ್ಲಿಯನ್ನು ತಿಂದ ಅನಾನಸ್

ಪ್ರಶ್ನೆ: ನಾವು ಅಮೆರಿಕದ ಮಿನ್ನೆಸೋಟಕ್ಕೆ ಬಂದು ಮೂರು ವರ್ಷವಾಯಿತು. ಮುಂದಿನ ತಿಂಗಳು ನಮ್ಮ ಬೀದಿಯವರೆಲ್ಲ ಸೇರಿ, ಪ್ರತಿ ಮನೆಯವರೂ ಒಂದೊಂದು ತಿನಿಸು ತರುವ ಪಾಟ್‌ಲಕ್ ಊಟ ಇಟ್ಟುಕೊಂಡಿದ್ದಾರೆ. ಎಲ್ಲವೂ 1960ರ ದಶಕದ ಶೈಲಿಯಲ್ಲೇ ಇರಬೇಕಂತೆ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ಅಚ್ಚಿನಲ್ಲಿ ಹಾಕಿ ಮಾಡುವ ಹಸಿರು ಜೆಲಟಿನ್ ಸಲಾಡ್. ಪಕ್ಕದ ಮನೆಯ ಅಜ್ಜಿ ನಡುವೆ ಕೊಳವೆಯಿರುವ ತಮ್ಮ ಹಳೆಯ ಬಂಟ್ ಅಚ್ಚನ್ನೂ ಕೊಟ್ಟಿದ್ದಾರೆ. ಅಂಗಡಿಯಿಂದ ಲೈಮ್ ಜೆಲ್ಲೋ (ನಿಂಬೆ ರುಚಿಯ ಜೆಲ್ಲಿ ಪುಡಿ) ತಂದು, ತಾಜಾ ಅನಾನಸ್ ಹೆಚ್ಚಿ ಹಾಕಿ ಒಮ್ಮೆ ಮಾಡಿ ನೋಡಿದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ನೀರಾಗಿಯೇ ಉಳಿಯಿತು. ಕಾರಣ ಹುಡುಕಲು ಹೊರಟಾಗ ಜೆಲಟಿನ್ ಪ್ರಾಣಿಮೂಲದ್ದೆಂದೂ ತಿಳಿಯಿತು. ನಾವು ಸಸ್ಯಾಹಾರಿಗಳು. ಚೈನಾ ಗ್ರಾಸ್ ಹಾಕಿ ಮಾಡಬಹುದೇ? ಸುಮಾರು ಇಪ್ಪತ್ತು ಜನಕ್ಕೆ ಅಳತೆ ತಿಳಿಸಿ. ಹಸಿರು ಬಣ್ಣ ಇರಲೇಬೇಕೇ?

ಉತ್ತರ: ನಿಮ್ಮ ಕೈಗುಣದಲ್ಲಿ ದೋಷವಿಲ್ಲ, ಫ್ರಿಜ್‌ನಲ್ಲೂ ಇಲ್ಲ. ನಿಮ್ಮ ಜೆಲ್ಲಿಯನ್ನು ಅನಾನಸ್ ತಿಂದುಹಾಕಿತು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ದನ ಮತ್ತು ಹಂದಿಯ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಬೇಯಿಸಿ ತೆಗೆದದ್ದೇ ಜೆಲಟಿನ್. ಅದರ ಉದ್ದನೆಯ ಎಳೆಗಳು ತಣ್ಣಗಾದಾಗ ಒಂದಕ್ಕೊಂದು ಹೆಣೆದುಕೊಂಡು ನೀರನ್ನು ಬಲೆಯಲ್ಲಿ ಹಿಡಿದಂತೆ ಹಿಡಿಯುತ್ತವೆ. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಪ್ರೋಟೀನಿನ ಎಳೆಗಳನ್ನು ತುಂಡರಿಸುವುದೇ ಅದರ ಕೆಲಸ. ಅನಾನಸ್ ಸ್ವಲ್ಪ ಹೆಚ್ಚಾಗಿ ತಿಂದ ದಿನ ನಾಲಿಗೆ ಚುರುಚುರು ಎನ್ನುವುದಕ್ಕೂ ಅದೇ ಕಾರಣ. ಎಳೆಗಳೇ ತುಂಡಾದ ಮೇಲೆ ಬಲೆ ಎಲ್ಲಿ ಉಳಿಯಬೇಕು? ಒಂದು ರಾತ್ರಿಯಲ್ಲ, ಒಂದು ವಾರ ಇಟ್ಟಿದ್ದರೂ ಅದು ಶರಬತ್ತಾಗಿಯೇ ಇರುತ್ತಿತ್ತು. ಪಪ್ಪಾಯಿ, ಕಿವಿ ಹಣ್ಣು, ತಾಜಾ ಅಂಜೂರ, ಹಸಿ ಶುಂಠಿ ಇವುಗಳದ್ದೂ ಇದೇ ಸ್ವಭಾವ. ಮಾಂಸ ಬೇಗ ಬೇಯಲೆಂದು ಪಪ್ಪಾಯಿ ಕಾಯಿಯನ್ನು ಅರೆದು ಹಚ್ಚುವುದು ಸುಮ್ಮನೆ ಹುಟ್ಟಿದ ಪದ್ಧತಿಯಲ್ಲ. ಡಬ್ಬಿಯ ಅನಾನಸನ್ನು ಡಬ್ಬಿಗೆ ತುಂಬುವಾಗಲೇ ಬಿಸಿ ಮಾಡಿರುತ್ತಾರೆ. ಆ ಬಿಸಿಗೆ ಕಿಣ್ವ ಸತ್ತಿರುತ್ತದೆ. ಹಳೆಯ ಅಮೆರಿಕನ್ ಪಾಕವಿಧಾನಗಳಲ್ಲೆಲ್ಲ ಡಬ್ಬಿಯ ಅನಾನಸನ್ನೇ ಹೇಳಿರುವುದು ಅಲ್ಲಿನವರಿಗೆ ತಾಜಾ ಹಣ್ಣು ಸಿಗದೆ ಮಾತ್ರವಲ್ಲ.

ಇನ್ನು ಚೈನಾ ಗ್ರಾಸ್, ಅಂದರೆ ಅಗರ್ ಅಗರ್. ಧಾರಾಳವಾಗಿ ಬಳಸಬಹುದು. ಅದು ಸಮುದ್ರದ ಕೆಂಪು ಪಾಚಿಯಿಂದ ತೆಗೆದ ಪದಾರ್ಥ. ಪ್ರೋಟೀನ್ ಅಲ್ಲವಾದ್ದರಿಂದ ಬ್ರೊಮೆಲೈನ್‌ಗೆ ಅದರ ಮೇಲೆ ಹಲ್ಲು ಊರುವುದಕ್ಕೇ ಆಗದು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜೆಲಟಿನ್ ಬರೆದಿರುವ ಜಾಗದಲ್ಲಿ ಅಗರ್ ಎಂದು ತಿದ್ದಿಕೊಂಡು ಹಳೆಯ ವಿಧಾನವನ್ನೇ ಅನುಸರಿಸಿದರೆ ಎರಡನೆಯ ಸಲವೂ ಸೋಲುತ್ತೀರಿ. ಎರಡೂ ದ್ರವವನ್ನು ಗಟ್ಟಿ ಮಾಡುತ್ತವೆ ಎಂಬುದನ್ನು ಬಿಟ್ಟರೆ ಅವುಗಳ ನಡುವೆ ನೆಂಟಸ್ತಿಕೆ ಇಲ್ಲ. ಜೆಲಟಿನ್ ಕುದಿಯಬಾರದು, ಅಗರ್ ಕುದಿಯಲೇಬೇಕು. ಜೆಲಟಿನ್‌ಗೆ ಫ್ರಿಜ್ ಬೇಕು, ಅಗರ್ ಅಡುಗೆಮನೆಯ ಕಟ್ಟೆಯ ಮೇಲೆಯೇ ಸುಮಾರು 35–40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತಿದ್ದಂತೆ ಗಟ್ಟಿಯಾಗುತ್ತದೆ. ಜೆಲಟಿನ್ ಬಾಯಿಯ ಬಿಸಿಗೇ ಕರಗುತ್ತದೆ, ಅಗರ್ ಮತ್ತೆ ಕರಗಬೇಕಾದರೆ 85 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಜೆಲಟಿನ್ ಮಾಡುವವರಿಗೆ ತಾಳ್ಮೆ ಬೇಕು, ಅಗರ್ ಮಾಡುವವರಿಗೆ ಚುರುಕು ಬೇಕು. ನೀವು ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆದವರಾದರೆ ಈ ಎರಡನೆಯದು ಹೊಸತೇನಲ್ಲ.

ಈ ವ್ಯತ್ಯಾಸವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹೋಟೆಲಿನ ತಣ್ಣನೆಯ ಅಡುಗೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ದಾವಣಗೆರೆಯ ಒಂದು ಆರತಕ್ಷತೆಗೆ ಹಣ್ಣಿನ ಜೆಲ್ಲಿಗಳನ್ನು ಒಯ್ದಿದ್ದೆ. ಮೇ ತಿಂಗಳು, ತೆರೆದ ಅಂಗಳದ ಶಾಮಿಯಾನ. ಜೆಲಟಿನ್ ಹಾಕಿ ಗೋಪುರದಂತೆ ನಿಲ್ಲಿಸಿದ್ದ ಹನ್ನೆರಡು ಜೆಲ್ಲಿಗಳು ವಧೂವರರು ವೇದಿಕೆಗೆ ಬರುವ ಹೊತ್ತಿಗೆ ಒಂದು ಕಡೆಗೆ ವಾಲಿಕೊಂಡಿದ್ದವು. ಊಟ ಶುರುವಾಗುವ ಹೊತ್ತಿಗೆ ತಟ್ಟೆಯಲ್ಲಿ ಕೆಂಪು ನೀರು, ಅದರಲ್ಲಿ ತೇಲುವ ದ್ರಾಕ್ಷಿ. ಬಡಿಸುವ ಹುಡುಗ ಸೌಟು ತಂದು, ‘ಇದು ರಸಾಯನವೇ ಸಾರ್?’ ಎಂದು ಕೇಳಿದ. ಹೌದು ಎಂದೆ. ಅಂದಿನಿಂದ ನಮ್ಮ ಕಡೆಯ ಬೇಸಿಗೆಯ ಬಯಲು ಊಟಕ್ಕೆ ನಾನು ಅಗರ್ ಬಿಟ್ಟು ಬೇರೆ ಮುಟ್ಟಿಲ್ಲ.

ಅಡುಗೆಮನೆಯ ಈ ತಿಳಿವಳಿಕೆ ಒಮ್ಮೆ ವಿಜ್ಞಾನಕ್ಕೂ ಉಪಕಾರ ಮಾಡಿದೆ. 1881ರ ಸುಮಾರಿಗೆ ಬರ್ಲಿನ್ನಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಬ್ಯಾಕ್ಟೀರಿಯಾ ಬೆಳೆಸಲು ಜೆಲಟಿನ್ ಬಳಸಿ ಹೆಣಗುತ್ತಿದ್ದರು. ಬಿಸಿಗೆ ಜೆಲಟಿನ್ ಕರಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಜೀರ್ಣಿಸಿಕೊಂಡು ನೀರು ಮಾಡಿಬಿಡುತ್ತಿದ್ದವು, ಥೇಟ್ ನಿಮ್ಮ ಅನಾನಸಿನಂತೆ. ನ್ಯೂಯಾರ್ಕಿನಲ್ಲಿ ಹುಟ್ಟಿದ್ದ ಅವರ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಮನೆಯ ಹಣ್ಣಿನ ಜೆಲ್ಲಿಗಳಿಗೆ ಹಾಕುತ್ತಿದ್ದ ಅಗರನ್ನು ಪ್ರಯತ್ನಿಸಿ ನೋಡಿ ಎಂದರು. ಜಾವಾದಲ್ಲಿ ಇದ್ದು ಬಂದ ನೆರೆಹೊರೆಯವರಿಂದ ಅವರಿಗೆ ಅದು ಗೊತ್ತಾಗಿತ್ತು. ಇಂದಿಗೂ ಲ್ಯಾಬುಗಳ ತಟ್ಟೆಗಳಲ್ಲಿರುವುದು ಅದೇ ಅಗರ್. ನಿಮ್ಮ ಎರಡೂ ತೊಂದರೆಗಳನ್ನು ಒಬ್ಬ ಗೃಹಿಣಿ ಸುಮಾರು ಒಂದೂವರೆ ಶತಮಾನದ ಹಿಂದೆಯೇ ಬಗೆಹರಿಸಿಟ್ಟಿದ್ದಾರೆ.

ಅಳತೆಗೆ ಹೋಗುವ ಮುನ್ನ ನೀವು ಮಾಡಹೊರಟಿರುವುದು ಏನೆಂದು ಒಂದು ಮಾತು, ಏಕೆಂದರೆ ಅದು ರುಚಿಯನ್ನೂ ನಿರ್ಧರಿಸುತ್ತದೆ. ನಮಗೆ ಜೆಲ್ಲಿ ಎಂದರೆ ಊಟದ ಕೊನೆಯ ಸಿಹಿ. ಅಲ್ಲಿನ ಆ ಕಾಲದವರಿಗೆ ಇದು ಊಟದ ಜೊತೆಗೇ ಬರುವ ಸಲಾಡ್, ನಮ್ಮ ಎಲೆಯ ತುದಿಯ ಕೋಸಂಬರಿಯ ಜಾಗದಲ್ಲಿ. ಕಾಲು, ಮೂಳೆಗಳನ್ನು ದಿನವಿಡೀ ಬೇಯಿಸಿ, ಸೋಸಿ, ತಿಳಿಗೊಳಿಸಿ ಜೆಲ್ಲಿ ಮಾಡುವುದು ಒಂದು ಕಾಲಕ್ಕೆ ಆಳುಕಾಳು ಇದ್ದ ಸಿರಿವಂತರ ಅಡುಗೆಮನೆಗೆ ಮಾತ್ರ ಸಾಧ್ಯವಿತ್ತು. ಪೀಟರ್ ಕೂಪರ್ 1845ರಲ್ಲಿ ಜೆಲಟಿನ್ ಪುಡಿಗೆ ಪೇಟೆಂಟ್ ಪಡೆದರೂ ವ್ಯಾಪಾರ ಏಳಲಿಲ್ಲ. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಕೆಮ್ಮಿನ ಔಷಧಿ ಮಾಡುತ್ತಿದ್ದ ಪರ್ಲ್ ವೇಟ್ ಜೆಲಟಿನ್ ಪುಡಿಗೆ ಸಕ್ಕರೆ, ಹಣ್ಣಿನ ಪರಿಮಳ ಬೆರೆಸಿದರು. ಅವರ ಪತ್ನಿ ಮೇ ಅದಕ್ಕೆ ‘ಜೆಲ್ಲೋ’ ಎಂದು ಹೆಸರಿಟ್ಟರು. ಎರಡೇ ವರ್ಷಕ್ಕೆ ಆ ಹಕ್ಕನ್ನು ವೇಟ್ ಅದೇ ಊರಿನ ಆರೇಟರ್ ವುಡ್‌ವರ್ಡ್ ಅವರಿಗೆ 450 ಡಾಲರಿಗೆ ಮಾರಿದರು! ಆಮೇಲೆ ಅದು ಮನೆಮನೆಯ ಹೆಸರಾದದ್ದನ್ನು ನೆನೆದರೆ ವೇಟ್ ದಂಪತಿಗಾಗಿ ಹೊಟ್ಟೆ ಚುರ್ ಎನ್ನುತ್ತದೆ.

ಸಲಾಡಿನ ಕಥೆ ಬೇರೆ ದಾರಿಯಿಂದ ಬಂತು. 20ನೇ ಶತಮಾನದ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಗೃಹಿಣಿಯೊಬ್ಬರು ಎಲೆಕೋಸು, ಸೆಲರಿ, ಕೆಂಪು ಮೆಣಸಿನಕಾಯಿಯನ್ನು ಹುಳಿ ಜೆಲಟಿನ್‌ನಲ್ಲಿ ಹಿಡಿದಿಟ್ಟು ನಾಕ್ಸ್ ಜೆಲಟಿನ್ ಕಂಪನಿಯ ಸ್ಪರ್ಧೆಗೆ ಕಳಿಸಿದರು. ಮೂರನೆಯ ಬಹುಮಾನವಾಗಿ ಹೊಲಿಗೆಯಂತ್ರ ಗೆದ್ದರು. ‘ಪರ್ಫೆಕ್ಷನ್ ಸಲಾಡ್’ ಎಂದು ಅದು ದೇಶವೆಲ್ಲ ಹರಡಿತು. ತರಕಾರಿ ತಟ್ಟೆಯ ಮೇಲೆ ಚೆಲ್ಲಾಪಿಲ್ಲಿಯಾಗದೆ ಅಚ್ಚುಕಟ್ಟಾಗಿ ನಿಲ್ಲಬೇಕು ಎಂಬುದು ಆ ಕಾಲದ ಗೃಹವಿಜ್ಞಾನದ ಗೀಳು. ಫ್ರಿಜ್ ಮನೆಗೆ ಬಂದ ಮೇಲಂತೂ ಗಟ್ಟಿಯಾಗಿ ನಿಂತ ಸಲಾಡನ್ನು ಮೇಜಿಗೆ ತರುವುದೇ ‘ನಮ್ಮ ಮನೆಯಲ್ಲಿ ಫ್ರಿಜ್ ಇದೆ’ ಎಂದು ಹೇಳದೆ ಹೇಳುವ ಬಗೆಯಾಯಿತು. 1960ರ ದಶಕದಲ್ಲಿ ಜೆಲ್ಲೋ ಸೆಲರಿ, ಟೊಮೆಟೊ ರುಚಿಗಳಲ್ಲೂ ಬಂದಿತ್ತು. ಸೆಲರಿ ರುಚಿಯ ಜೆಲ್ಲಿ ಬೇಗ ಮರೆಯಾದದ್ದಕ್ಕೆ ಯಾರೂ ಅತ್ತಂತಿಲ್ಲ. ನಿಮ್ಮ ಪಾಲಿಗೆ ಬಂದಿರುವುದು ಇವುಗಳಲ್ಲೆಲ್ಲ ಸೌಮ್ಯವಾದದ್ದು: ನಿಂಬೆ, ಅನಾನಸ್, ಕ್ರೀಮ್ ಚೀಸ್, ಅಕ್ರೋಟು. ಇದರಲ್ಲಿ ಸಿಹಿ ಹದವಾಗಿರಬೇಕು, ಹುಳಿ ಒಂದು ಕೈ ಮುಂದಿರಬೇಕು, ಉಪ್ಪು ಇರಲೇಬೇಕು. ಪಾಯಸದ ಸಿಹಿ ಹಾಕಿದರೆ ಸಲಾಡ್ ಎನ್ನುವ ಹೆಸರು ಹಾಳು.

ಪದಾರ್ಥ ಕೊಳ್ಳುವಾಗ ಎಚ್ಚರ. ಅಲ್ಲಿನ ಪೊಟ್ಟಣಗಳ ಮೇಲೆ ನಮ್ಮ ದೇಶದ ಹಸಿರು ಚುಕ್ಕೆ ಇರುವುದಿಲ್ಲ. ಪದಾರ್ಥಗಳ ಸಣ್ಣಕ್ಷರದ ಪಟ್ಟಿಯನ್ನೇ ಓದಬೇಕು. ಕೆಲವು ಮೊಸರು, ಸೋರ್ ಕ್ರೀಮ್ ಡಬ್ಬಿಗಳಲ್ಲೂ ಜೆಲಟಿನ್ ಸೇರಿಸಿರುತ್ತಾರೆ. ಹಳೆಯ ವಿಧಾನಗಳಲ್ಲಿ ಕಾಣುವ ಮಾರ್ಷ್‌ಮೆಲೋದಲ್ಲಿ ಜೆಲಟಿನ್ ಇದ್ದೇ ಇರುತ್ತದೆ, ಮಯೊನೇಸ್‌ನಲ್ಲಿ ಮೊಟ್ಟೆ ಇರುತ್ತದೆ. ‘ಕೋಷರ್ ಜೆಲಟಿನ್’ ಎಂದು ಬರೆದಿದ್ದರೆ ಅದು ಯಹೂದಿ ಆಹಾರ ನಿಯಮಕ್ಕೆ ಒಪ್ಪುತ್ತದೆ ಎಂದಷ್ಟೇ ಅರ್ಥ. ಮೀನಿನದ್ದೋ ದನದ್ದೋ ಆಗಿರಬಹುದು. ಅಗರ್ ಪುಡಿಯನ್ನೇ ಕೊಳ್ಳಿ, ಏಷ್ಯನ್ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ನಾರಿನಂಥ ಎಳೆಗಳಾದರೆ ಕತ್ತರಿಸಿ ಅರ್ಧ ಗಂಟೆ ನೆನೆಸಬೇಕು, ಕರಗಲು ಹೆಚ್ಚು ಹೊತ್ತು ಬೇಕು, ಅಳತೆಯೂ ಕೈಗೆ ಸಿಗುವುದಿಲ್ಲ.

ಬಂಟ್ ಅಚ್ಚು ನಿಮ್ಮ ರಾಜ್ಯದ್ದೇ ಕೂಸು. ಮಿನಿಯಾಪೊಲಿಸ್ ಪ್ರದೇಶದ ನಾರ್ಡಿಕ್ ವೇರ್ ಕಂಪನಿ 1950ರಲ್ಲಿ ಅದನ್ನು ಮಾಡಿತು. ಅಜ್ಜಿ ಕೊಟ್ಟ ಅಚ್ಚಿಗೆ ಮೊದಲು ನೀರು ತುಂಬಿ ಎಷ್ಟು ಹಿಡಿಯುತ್ತದೆ ನೋಡಿ. ನಾನು ಕೊಡುವ ಅಳತೆ ಸುಮಾರು ಎರಡೂಕಾಲರಿಂದ ಎರಡೂವರೆ ಲೀಟರಿನದು, ದೊಡ್ಡ ಬಂಟ್ ಅಚ್ಚಿಗೆ ಸರಿಹೋಗುತ್ತದೆ. ಬೇರೆ ತಿನಿಸುಗಳೂ ಇರುವ ಊಟದಲ್ಲಿ ಇಪ್ಪತ್ತು ಜನಕ್ಕೆ ಸಾಕು.

ಇದರಲ್ಲಿ ಎರಡು ಪದರ, ಒಂದು ಹಸಿರು, ಒಂದು ಬಿಳಿ. ಮೊದಲು ಎರೆಯುವುದು ತಿಳಿಹಸಿರಿನ ಪದರ, ಮಗುಚಿದಾಗ ಅದೇ ಮೇಲೆ ಬರುತ್ತದೆ. ಸುಮಾರು 560 ಗ್ರಾಂನ ಒಂದು ಡಬ್ಬಿ ಅನಾನಸ್ ತುಂಡುಗಳನ್ನು ಸೋಸಿ, ರಸವನ್ನು ಬೇರೆಯಾಗಿಡಿ. ಅದು 200 ಮಿಲಿಲೀಟರ್ ಇರಲಿ, ಕಡಿಮೆಯಾದರೆ ನೀರು ಸೇರಿಸಿ, ಬೆಚ್ಚಗೆ ಮಾಡಿಡಿ. 600 ಮಿಲಿಲೀಟರ್ ತಣ್ಣೀರಿಗೆ 8 ಗ್ರಾಂ ಅಗರ್ ಪುಡಿಯನ್ನು ಉದುರಿಸಿ ಐದು ನಿಮಿಷ ಬಿಡಿ. ಚಮಚದ ಲೆಕ್ಕಕ್ಕಿಂತ ತೂಕವೇ ನಂಬಿಕೆಯದು. ನಂತರ ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಿ, ಕುದಿ ಬಂದ ಮೇಲೂ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ. ಸೌಟಿನ ಬೆನ್ನಿನ ಮೇಲೆ ಮರಳಿನಂಥ ಕಣಗಳು ಕಾಣಬಾರದು. ಈಗ 120 ಗ್ರಾಂ ಸಕ್ಕರೆ, ಅರ್ಧ ಚಮಚ ಉಪ್ಪು, ಬೆಚ್ಚಗಿನ ಅನಾನಸ್ ರಸ ಸೇರಿಸಿ. ಒಲೆಯಿಂದ ಇಳಿಸಿದ ಮೇಲೆ 50 ಮಿಲಿಲೀಟರ್ ನಿಂಬೆರಸ (ಬಣ್ಣ ಹಾಕುವುದೂ ಆಗಲೇ, ಅದರ ಮಾತು ಕೊನೆಯಲ್ಲಿದೆ). ಹುಳಿಯ ಜೊತೆ ಕುದಿಸಿದರೆ ಅಗರ್‌ನ ಹಿಡಿತ ಸಡಿಲವಾಗುತ್ತದೆ, ಅದಕ್ಕೇ ಈ ಕ್ರಮ.

ಇಲ್ಲಿ ಒಂದು ಕ್ಷಣ ನಿಂತು ಪರೀಕ್ಷೆ ಮಾಡಿ. ಫ್ರಿಜ್‌ನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಹಾಕಿ ಒಂದೆರಡು ನಿಮಿಷ ಕಾಯಿರಿ. ಬೆರಳಿನಿಂದ ತಳ್ಳಿದರೆ ಇಡಿಯಾಗಿ ಜಾರಬೇಕು, ಹಿಸುಕಿದರೆ ಒಡೆಯಬೇಕು, ಆದರೆ ರಬ್ಬರಿನಂತೆ ಪುಟಿಯಬಾರದು. ಎಳೆಪಾಕ ನೋಡಿದಂತೆಯೇ ಇದು. ಮೆತ್ತಗಿದ್ದರೆ ಒಂದು ಗ್ರಾಂ ಅಗರನ್ನು ಸ್ವಲ್ಪ ನೀರಿನಲ್ಲಿ ಬೇರೆಯಾಗಿ ಕುದಿಸಿ ಸೇರಿಸಿ. ಗಟ್ಟಿಯಾದರೆ ಬಿಸಿನೀರು ಸೇರಿಸಿ. ಪುಡಿಯಿಂದ ಪುಡಿಗೆ ಶಕ್ತಿ ಬೇರೆಯಾಗುವುದರಿಂದ ನನ್ನ ಅಂಕಿಗಿಂತ ನಿಮ್ಮ ತಟ್ಟೆಯನ್ನೇ ಹೆಚ್ಚು ನಂಬಿ.

ಅಚ್ಚಿನ ಒಳಗೆ, ಅದರ ಏಣುಗಳ ಸಂದಿಯಲ್ಲೂ, ವಾಸನೆಯಿಲ್ಲದ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಒರೆಸಿ. ಮಿಶ್ರಣವನ್ನು ಒಂದು ಬೆರಳಿನಷ್ಟು ಎತ್ತರಕ್ಕೆ ಎರೆದು, ಅನಾನಸ್ ತುಂಡುಗಳಲ್ಲಿ ಸ್ವಲ್ಪವನ್ನು ಚೆಂದವಾಗಿ ಜೋಡಿಸಿ. ನಾಲ್ಕೈದು ನಿಮಿಷದಲ್ಲಿ ಅದು ಹಿಡಿದುಕೊಳ್ಳುತ್ತದೆ. ಅಷ್ಟು ಹೊತ್ತು ಉಳಿದದ್ದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟಿರಿ, ಇಲ್ಲದಿದ್ದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಆಮೇಲೆ ಮಿಕ್ಕ ಅನಾನಸ್, ಒಂದು ಹಿಡಿ ತುರಿದ ಕ್ಯಾರೆಟ್ ಬೆರೆಸಿ ಎರೆಯಿರಿ. ಹಣ್ಣು ಫ್ರಿಜ್‌ನಿಂದ ಆಗತಾನೇ ತೆಗೆದದ್ದಾಗಿರಬಾರದು.

ಬಿಳಿಯ ಪದರದಲ್ಲೇ ಬಹಳ ಜನ ಎಡವುವುದು. 225 ಗ್ರಾಂ ಕ್ರೀಮ್ ಚೀಸ್, 200 ಗ್ರಾಂ ಗಟ್ಟಿ ಮೊಸರು, 200 ಮಿಲಿಲೀಟರ್ ಹಾಲು, ಮೂರು ಚಮಚ ಸಕ್ಕರೆ, ಚಿಟಿಕೆ ಉಪ್ಪನ್ನು ಗಂಟಿಲ್ಲದಂತೆ ಕಡೆದು, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕೈಗೆ ಬೆಚ್ಚಗೆನಿಸುವವರೆಗೆ, ಸುಮಾರು 40 ಡಿಗ್ರಿಗೆ, ತನ್ನಿ. ಇನ್ನೊಂದು ಪಾತ್ರೆಯಲ್ಲಿ 400 ಮಿಲಿಲೀಟರ್ ನೀರು, 7 ಗ್ರಾಂ ಅಗರ್ ಮೇಲಿನಂತೆಯೇ ಕುದಿಸಿ. ಅಗರನ್ನು ಸಣ್ಣಗೆ ಹರಿಸುತ್ತ, ಕಡೆಯುತ್ತ ಕ್ರೀಮಿಗೆ ಸೇರಿಸಿ. ಕ್ರೀಮ್ ತಣ್ಣಗಿದ್ದರೆ ಅಗರ್ ಮುಟ್ಟಿದ ಕೂಡಲೇ ಮುದ್ದೆಮುದ್ದೆಯಾಗಿ ಹೆಪ್ಪುಗಟ್ಟಿ, ಒಡೆದ ಹಾಲಿನಂತೆ ಕಾಣುತ್ತದೆ. ಸರಿಯಾಗಿ ಬೆರೆತಾಗ ಅದು 60 ಡಿಗ್ರಿಯ ಹತ್ತಿರ ಇರುತ್ತದೆ, ಎರೆಯಲು ಅದೇ ತಕ್ಕ ಬಿಸಿ. ಹುರಿದು ಪುಡಿಗುಟ್ಟಿದ ಅಕ್ರೋಟನ್ನು ಕೊನೆಯಲ್ಲಿ ಹಾಕಿ.

ಯಾವಾಗ ಎರೆಯಬೇಕು? ಹಸಿರು ಪದರ ಬೆರಳಿಗೆ ಗಟ್ಟಿಯೆನಿಸಿ, ಇನ್ನೂ ಬೆಚ್ಚಗಿರುವಾಗ. ಪೂರ್ತಿ ತಣ್ಣಗಾಗಲು ಬಿಟ್ಟರೆ ಎರಡು ಪದರಗಳು ಸೇರುವುದಿಲ್ಲ. ಮಗುಚಿದಾಗ ಮೇಲಿನದು ಟೋಪಿ ಜಾರಿದಂತೆ ಜಾರುತ್ತದೆ. ತಡವಾಗಿಬಿಟ್ಟರೆ ಮೇಲ್ಮೈಯನ್ನು ಫೋರ್ಕಿನಿಂದ ಗೀರಿ, ಅದರ ಮೇಲೆ ಎರೆಯಿರಿ. ಸೌಟಿನ ಬೆನ್ನ ಮೇಲಿಂದ ನಿಧಾನವಾಗಿ ಹರಿಸಿದರೆ ಗುಳಿ ಬೀಳುವುದಿಲ್ಲ.

ಊಟದ ಹಿಂದಿನ ರಾತ್ರಿ ಮಾಡಿ ಫ್ರಿಜ್‌ನಲ್ಲಿಡಿ, ಅದಕ್ಕೂ ಮೊದಲು ಮಾಡುವುದು ಬೇಡ. ಅಗರ್ ದಿನ ಕಳೆದಂತೆ ನೀರು ಬಿಡುತ್ತದೆ. ಅಚ್ಚಿನಲ್ಲಿಯೇ ಒಯ್ದು ಅಲ್ಲಿಯೇ ಮಗುಚಿ. ಅಮೆರಿಕನ್ ವಿಧಾನಗಳಲ್ಲೆಲ್ಲ ಅಚ್ಚನ್ನು ಹತ್ತು ಸೆಕೆಂಡು ಬಿಸಿನೀರಿನಲ್ಲಿ ಅದ್ದಿ ಎಂದಿರುತ್ತದೆ. ಅದು ಜೆಲಟಿನ್‌ಗೆ ಹೇಳಿದ ಮಾತು, ಅಗರ್ ಆ ಬಿಸಿಗೆ ಜಗ್ಗುವುದಿಲ್ಲ. ಬದಲಿಗೆ ಒದ್ದೆ ಬೆರಳಿನಿಂದ ಅಂಚನ್ನು ಸುತ್ತಲೂ, ನಡುವಿನ ಕೊಳವೆಯ ಬಳಿಯೂ ಮೆಲ್ಲಗೆ ಒಳಕ್ಕೆಳೆದು ಗಾಳಿ ಹೋಗಲು ದಾರಿ ಮಾಡಿ. ತಟ್ಟೆಯನ್ನೂ ಒದ್ದೆ ಮಾಡಿ ಅಚ್ಚಿನ ಮೇಲೆ ಕವುಚಿ, ಎರಡನ್ನೂ ಒಟ್ಟಿಗೆ ಹಿಡಿದು ಒಮ್ಮೆಲೇ ತಿರುಗಿಸಿ. ಪುಸಕ್ ಎಂಬ ಸಣ್ಣ ಸದ್ದು ಕೇಳಿದರೆ ಬಿಟ್ಟುಕೊಂಡಿತೆಂದು ಅರ್ಥ. ತಟ್ಟೆ ಒದ್ದೆಯಿದ್ದರೆ ಓರೆಯಾಗಿ ಬಿದ್ದದ್ದನ್ನು ನಡುವಿಗೆ ಸರಿಸಬಹುದು. ಆಮೇಲೆ ಸುತ್ತ ಲೆಟ್ಯೂಸ್ ಎಲೆ ಸಿಕ್ಕಿಸಿ. ಆ ಕಾಲದ ಅಲಂಕಾರವೂ ಆಯಿತು, ಒಸರುವ ನೀರು ಮರೆಯಾಗುತ್ತದೆ ಕೂಡ. ತುಂಡಾಗಿಯೇ ಬಿದ್ದರೆ ಗಾಬರಿ ಬೇಡ, ಚೌಕಚೌಕವಾಗಿ ಕತ್ತರಿಸಿ ಗಾಜಿನ ಬಟ್ಟಲಿಗೆ ತುಂಬಿ. ಮೊದಲಿಂದಲೂ ಹಾಗೆಯೇ ಯೋಚಿಸಿದ್ದಿರಿ ಎಂದು ಎಲ್ಲರೂ ನಂಬುತ್ತಾರೆ.

ಒಂದು ಎಚ್ಚರಿಕೆ. ಜೆಲಟಿನ್ ಸಲಾಡ್ ಹೊರಗಿಟ್ಟರೆ ಕರಗಿ ತಾನೇ ಹೊತ್ತು ಹೇಳುತ್ತಿತ್ತು. ಅಗರ್ ಸಂಜೆಯವರೆಗೂ ನೆಟ್ಟಗೆ ನಿಂತೇ ಇರುತ್ತದೆ, ಆದರೆ ಒಳಗಿನ ಹಾಲು, ಮೊಸರು, ಚೀಸ್ ಕಾಯುವುದಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ.

ಪಕ್ಕದ ಮನೆಯ ಅಜ್ಜಿ ಮೊದಲ ತುತ್ತಿಗೇ ವ್ಯತ್ಯಾಸ ಕಂಡುಹಿಡಿಯುತ್ತಾರೆ. ಅಗರ್ ನಾಲಿಗೆಯ ಮೇಲೆ ಕರಗುವುದಿಲ್ಲ, ಹಲ್ಲಿಗೆ ಸಿಕ್ಕಿ ಒಡೆಯುತ್ತದೆ. ಮುಚ್ಚಿಡಲು ಹೋಗಬೇಡಿ. ಬಟ್ಟಲ ಪಕ್ಕದಲ್ಲಿ ‘ಜೆಲಟಿನ್ ಇಲ್ಲ; ಹಾಲು, ಅಕ್ರೋಟು ಇದೆ’ ಎಂದು ಒಂದು ಚೀಟಿ ಇಡಿ. ಅಕ್ರೋಟು ಆಗದವರಿಗೂ ಅನುಕೂಲ. ಇನ್ನಷ್ಟು ಮೆದುವಾಗಿರಬೇಕೆನಿಸಿದರೆ ಇಂಡಿಯನ್ ಸ್ಟೋರ್‌ನಲ್ಲಿ ಕ್ಯಾರಜೀನನ್ (ಇದೂ ಸಮುದ್ರದ ಪಾಚಿಯಿಂದ ತೆಗೆದದ್ದು) ಹಾಕಿದ ಸಸ್ಯಾಹಾರಿ ಜೆಲ್ಲಿ ಪುಡಿ ಹುಡುಕಿ. ಅದು ಅಗರ್‌ಗಿಂತ ಮೆದು. ಆದರೆ ಅಷ್ಟೇ ಮೆದುವಾಗಿರುವುದರಿಂದ ದೊಡ್ಡ ಬಂಟ್ ಅಚ್ಚಿನಲ್ಲಿ ನಿಲ್ಲಿಸಲು ನನಗೆ ಧೈರ್ಯವಿಲ್ಲ. ಸಣ್ಣ ಬಟ್ಟಲುಗಳಿಗೆ ಸರಿ.

ಇನ್ನು ಬಣ್ಣ. ನಿಂಬೆರಸ, ಅನಾನಸ್ ರಸ ಎರಡೂ ಸೇರಿದರೆ ಬರುವುದು ಮಾಸಲು ಹಳದಿ, ಹಸಿರಲ್ಲ. ಜೆಲ್ಲೋದ ಲೈಮ್ ರುಚಿ 1930ರಲ್ಲಿ ಬಂದಾಗಿನಿಂದ ಅಮೆರಿಕನ್ನರ ಕಣ್ಣಿಗೆ ಈ ಸಲಾಡ್ ಎಂದರೆ ಹಸಿರು. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಹಸಿರು ಜೆಲ್ಲೋದ ಚಿತ್ರವಿದ್ದ ಪಿನ್ನುಗಳನ್ನು ಜನ ಹುಡುಕಿ ಕೊಂಡರು. ಆದ್ದರಿಂದ ಬಣ್ಣ ಇರಲಿ. ನಿಂಬೆರಸ ಹಾಕುವ ಹೊತ್ತಿನಲ್ಲೇ ಹಸಿರು ಆಹಾರ ಬಣ್ಣದ ಎರಡು ಹನಿ. ಮೂರನೆಯ ಹನಿಗೆ ಅದು ಪಾತ್ರೆ ತೊಳೆಯುವ ಸೋಪಿನ ಬಣ್ಣಕ್ಕೆ ತಿರುಗುತ್ತದೆ.